ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾಗದದ ಕಿನ್ನರಿಯರನ್ನು ನಂಬಿದ್ದು ಹೇಗೆ?

ಚೆನ್ನಾಗಿ ಓದಿದವರು, ಬುದ್ಧಿವಂತರು ಸುಳ್ಳು ಸುದ್ದಿಗೆ ಮೋಸ ಹೋಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಇದು ಎಷ್ಟು ನಿಜ? ಉತ್ತರ ಬೇಕಿದ್ದರೆ ಆರ್ಥರ್ ಕಾನನ್ ಡಾಯ್ಲ್ ಅವರ ಬದುಕನ್ನು ನೋಡಬೇಕು. ಅವರು ಡಾಕ್ಟರ್ ಆಗಿದ್ದರು. ಜಗತ್ತಿನ ಅತಿ ಪ್ರಸಿದ್ಧ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದವರೂ ಅವರೇ.

ಮೇಷ್ಟ್ರೇ ಮಾದರಿ

ಡಾಯ್ಲ್ ಹುಟ್ಟಿದ್ದು 1859ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ವೈದ್ಯಕೀಯ ಓದಿದರು. ಅವರಿಗೆ ಕಲಿಸಿದ ಸರ್ಜನ್ ಜೋಸೆಫ್ ಬೆಲ್, ರೋಗಿ ಬಾಯಿ ತೆರೆಯುವ ಮೊದಲೇ ಅವನ ನಡಿಗೆ, ಕೈ, ಬಟ್ಟೆ ನೋಡಿ ಕಸುಬು ಏನೆಂದು ಹೇಳಿಬಿಡುತ್ತಿದ್ದರು. ಅದರಲ್ಲಿ ಮಂತ್ರವೇನೂ ಇರಲಿಲ್ಲ, ಇದ್ದದ್ದು ಗಮನಿಸುವ ಅಭ್ಯಾಸ. ಹೋಮ್ಸ್ ಪಾತ್ರಕ್ಕೆ ಮುಖ್ಯ ಮಾದರಿ ಅವರೇ.

ಓದು ಮುಗಿಸಿದ ಡಾಯ್ಲ್ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಕ್ಲಿನಿಕ್ ತೆರೆದರು. ಮೊದಮೊದಲು ಬರುವ ರೋಗಿಗಳು ಕಡಿಮೆ, ಬಿಡುವು ಜಾಸ್ತಿ. ಆಗ ಬರೆದ ಮೊದಲ ಹೋಮ್ಸ್ ಕಾದಂಬರಿ 1887ರಲ್ಲಿ ಪ್ರಕಟವಾಯಿತು. ಅದರ ಹಕ್ಕಿಗೆ ಅವರಿಗೆ ಸಿಕ್ಕಿದ್ದು ಬರೀ 25 ಪೌಂಡ್.

ದೆವ್ವದ ನಾಯಿಯ ಕಥೆ

ಹೋಮ್ಸ್ ಕಾದಂಬರಿಗಳಲ್ಲಿ ತುಂಬಾ ಜನಪ್ರಿಯವಾದದ್ದು 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್'. 1901–02ರಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಂದು ಶ್ರೀಮಂತ ಮನೆತನವನ್ನು ಬೆಂಕಿಯಂತೆ ಹೊಳೆಯುವ ದೆವ್ವದ ನಾಯಿಯೊಂದು ಕಾಡುತ್ತಿದೆ ಎಂಬ ನಂಬಿಕೆಯೇ ಕಥೆಯ ಬೇರು. ಇದರ ಪಾತ್ರಗಳನ್ನು ಗಮನಿಸಿ. ಡಾಕ್ಟರ್ ಮಾರ್ಟಿಮರ್ ವಿಜ್ಞಾನ ಓದಿದವನು, ಆದರೂ ಶಾಪ ನಿಜವಿರಬಹುದೇ ಎಂದು ಅಂಜುತ್ತಾನೆ. ವಾಟ್ಸನ್ ಕಂಡದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿಡುತ್ತಾನೆ. ಹೋಮ್ಸ್ ಮಾತ್ರ, ಬೇರೆ ಎಲ್ಲ ಸಾಧ್ಯತೆಗಳನ್ನು ಪರೀಕ್ಷಿಸುವವರೆಗೆ ದೆವ್ವದ ಮಾತು ಬೇಡ ಎನ್ನುವವನು. ಕೊನೆಗೆ ನಾಯಿಯ ಹೊಳಪಿಗೆ ಕಾರಣ ರಂಜಕ ಎಂದು ಗೊತ್ತಾಗುತ್ತದೆ. (ಬಿಳಿ ರಂಜಕ ಕತ್ತಲಲ್ಲಿ ಹೊಳೆಯುವುದು ನಿಜ. ಆದರೆ ನಿಜವಾದ ನಾಯಿಗೆ ಹಚ್ಚಿದರೆ ಚರ್ಮ ಸುಟ್ಟುಹೋಗುತ್ತದೆ.) ಕೊಲೆಗಾರ ಯಾರು ಎಂಬುದನ್ನು ಓದಿಯೇ ತಿಳಿಯಿರಿ.

ನಿಜ ಜೀವನದ ಪತ್ತೇದಾರಿ

ಡಾಯ್ಲ್ ಬರೀ ಕಥೆ ಕಟ್ಟಿದವರಲ್ಲ. ಜಾರ್ಜ್ ಎಡಲ್‌ಜಿ ಎಂಬ ವಕೀಲರಿಗೆ, ಕುದುರೆಯೊಂದನ್ನು ರಾತ್ರಿ ಇರಿದರೆಂಬ ಆರೋಪದಲ್ಲಿ 1903ರಲ್ಲಿ ಏಳು ವರ್ಷ ಶಿಕ್ಷೆಯಾಗಿತ್ತು. ಅವರ ತಂದೆ ಬೊಂಬಾಯಿ ಮೂಲದ ಪಾರ್ಸಿ, ಕ್ರೈಸ್ತರಾಗಿ ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದವರು. ಎಡಲ್‌ಜಿ ಪೇಪರನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓದುವುದನ್ನು ಕಂಡ ಡಾಯ್ಲ್‌ಗೆ ಅನುಮಾನ ಬಂತು. ಇಷ್ಟು ದೃಷ್ಟಿದೋಷ ಇರುವವರು ಕಗ್ಗತ್ತಲಲ್ಲಿ ಹೊಲ, ಬೇಲಿ ದಾಟಿ ಹೋಗಲು ಹೇಗೆ ಸಾಧ್ಯ? ಅವರು ಪತ್ರಿಕೆಗಳಲ್ಲಿ ಬರೆದು ಹೋರಾಡಿದರು. 1907ರಲ್ಲಿ ಎಡಲ್‌ಜಿಗೆ ಕ್ಷಮಾದಾನ ಸಿಕ್ಕಿತು.

ಹಾಗಾದರೆ ಮೋಸ ಹೋದದ್ದು ಎಲ್ಲಿ?

1917ರಲ್ಲಿ ಯಾರ್ಕ್‌ಷೈರ್‌ನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 16 ವರ್ಷದ ಎಲ್ಸಿ ಮತ್ತು 9 ವರ್ಷದ ಫ್ರಾನ್ಸಿಸ್ ತೊರೆಯ ಬಳಿ ಫೋಟೊ ತೆಗೆದರು. ಅದರಲ್ಲಿ ರೆಕ್ಕೆಯಿರುವ ಪುಟಾಣಿ ಕಿನ್ನರಿಯರು ಕುಣಿಯುತ್ತಿದ್ದರು! 1920ರಲ್ಲಿ ಇವು ಡಾಯ್ಲ್ ಕೈ ಸೇರಿದವು. ನೆಗೆಟಿವ್ ತಿದ್ದಿದ್ದಲ್ಲ ಎಂದು ತಜ್ಞರೊಬ್ಬರು ಹೇಳಿದರು. ಕೊಡಾಕ್ ಕಂಪನಿ ಮಾತ್ರ ಅಸಲಿ ಎಂಬ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಆದರೂ ಡಾಯ್ಲ್ ಅವುಗಳನ್ನು ಲೇಖನದ ಜೊತೆ 'ಸ್ಟ್ರಾಂಡ್'ನಲ್ಲಿ ಪ್ರಕಟಿಸಿದರು, 1922ರಲ್ಲಿ ಪುಸ್ತಕವನ್ನೇ ಬರೆದರು.

ಸತ್ಯಾಂಶ ಹೊರಬಿದ್ದದ್ದು 1983ರಲ್ಲಿ. ಕಿನ್ನರಿಯರು ಕಾಗದದ ಚಿತ್ರಗಳು, ನಿಲ್ಲಿಸಿದ್ದು ಹ್ಯಾಟ್‌ಪಿನ್‌ಗಳಿಂದ ಎಂದು ಆ ಇಬ್ಬರೂ ವೃದ್ಧಾಪ್ಯದಲ್ಲಿ ಒಪ್ಪಿಕೊಂಡರು. ಐದು ಫೋಟೊಗಳಲ್ಲಿ ಕೊನೆಯದು ನಿಜವೇ ಎಂದು ಫ್ರಾನ್ಸಿಸ್ ಮಾತ್ರ ಹೇಳುತ್ತಲೇ ಇದ್ದರು. ಕಿನ್ನರಿಯರ ಚಿತ್ರಕ್ಕೆ ಮಾದರಿಯಾದದ್ದು 1914ರ ಒಂದು ಮಕ್ಕಳ ಪುಸ್ತಕ. ತಮಾಷೆಯೆಂದರೆ, ಅದೇ ಪುಸ್ತಕದಲ್ಲಿ ಡಾಯ್ಲ್ ಅವರದೂ ಒಂದು ಕಥೆ ಇತ್ತು!

ಮಗ ಸತ್ತ ದುಃಖದಲ್ಲಿ ಅವರು ಹೀಗೆಲ್ಲ ನಂಬಲು ಶುರು ಮಾಡಿದರು ಎಂಬ ಮಾತು ಪ್ರಚಾರದಲ್ಲಿದೆ. ಇದು ಪೂರ್ತಿ ನಿಜವಲ್ಲ. ಮಗ ಕಿಂಗ್ಸ್‌ಲೀ ತೀರಿಕೊಂಡಿದ್ದು 1918ರಲ್ಲಿ. ಸತ್ತವರ ಆತ್ಮದ ಜೊತೆ ಮಾತನಾಡುವ ಕೂಟಗಳಿಗೆ ಡಾಯ್ಲ್ 1880ರ ದಶಕದಿಂದಲೇ ಹೋಗುತ್ತಿದ್ದರು. ಕಣ್ಣಿಗೆ ಕಾಣದ ಲೋಕವೊಂದು ಇದೆ ಎಂದು ಅವರ ಮನಸ್ಸು ಮೊದಲೇ ಒಪ್ಪಿತ್ತು, ಫೋಟೊ ಬಂದದ್ದು ಆಮೇಲೆ. 1930ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ನಂಬಿಕೆ ಬಿಡಲಿಲ್ಲ.

ನಮಗೇನು ಪಾಠ?

ಎಡಲ್‌ಜಿ ವಿಷಯದಲ್ಲಿ ಡಾಯ್ಲ್‌ಗೆ ಅನುಮಾನವಿತ್ತು, ಪರೀಕ್ಷಿಸಿದರು. ಕಿನ್ನರಿಯರ ವಿಷಯದಲ್ಲಿ ಆಸೆ ಇತ್ತು, ನಂಬಿದರು. ಬುದ್ಧಿ ಎರಡೂ ಕಡೆ ಅದೇ! ಇನ್ನೊಂದು ಮಾತು: ತಜ್ಞರು ನೋಡಿದ್ದು ನೆಗೆಟಿವ್ ತಿದ್ದಲಾಗಿದೆಯೇ ಎಂಬುದನ್ನು. ಮೋಸ ಇದ್ದದ್ದು ಕ್ಯಾಮೆರಾದ ಎದುರಿಗೆ. ಇಂದಿಗೂ ಎಷ್ಟೋ ಸುಳ್ಳು ಫಾರ್ವರ್ಡ್‌ಗಳಲ್ಲಿರುವ ಫೋಟೊ ಎಡಿಟ್ ಆಗಿರುವುದಿಲ್ಲ, ಅದು ಬೇರೆ ಊರಿನದು ಅಥವಾ ಹಳೆಯದು ಆಗಿರುತ್ತದೆ.

ಹಾಗಾಗಿ ಮುಂದಿನ ಫಾರ್ವರ್ಡ್ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಯಾರು, ಎಲ್ಲಿ, ಯಾವಾಗ ತೆಗೆದದ್ದು? ಇದು ನಿಜವಾಗಿರಲಿ ಎಂದು ನನಗೇ ಆಸೆ ಇದೆಯೇ? ಎರಡನೆಯದಕ್ಕೆ ಹೌದು ಎಂದಾದರೆ, ಮೊದಲನೆಯದನ್ನು ಇನ್ನೊಮ್ಮೆ ಕೇಳಿ.