ಬೇಳೆಯ ಹಿಂದಿನ ಕೈಗಳು

ಮಕ್ಕಳೇ, ಕರ್ನಾಟಕದ ನಕಾಶೆಯ ಬಡಗಣ ತುದಿಯಲ್ಲಿ ಬೀದರಿಗಿಂತ ಸ್ವಲ್ಪ ಕೆಳಗೆ ನೋಡಿ, ಕಲಬುರಗಿ ಜಿಲ್ಲೆ ಸಿಗುತ್ತದೆ. ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು ಆಳಂದ, ಅಫಜಲಪುರ. ಭೀಮಾ ನದಿ ದಾಟಿದರೆ ಜೇವರ್ಗಿ. ಹೊಳೆದಂಡೆಯವರು ಕಬ್ಬು ಬೆಳೆಯುತ್ತಾರೆ. ಉಳಿದವರಿಗೆ ಎರಿ (ಕಪ್ಪು ಮಣ್ಣಿನ) ಹೊಲ, ಮಳೆ ಮತ್ತು ತೊಗರಿ. ನೀವು ಉಣ್ಣುವ ಸಾರಿನ ಬೇಳೆ ಆಗುವುದು ಈ ತೊಗರಿಯಿಂದಲೇ.

ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಗೆ, ಅಂದರೆ ಕೊಯ್ದು ಕಾಳು ಬಿಡಿಸುವುದಕ್ಕೆ, ಬರುವುದು ಡಿಸೆಂಬರ್, ಜನವರಿಗೆ. ನಡುವೆ ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ಗಿಡ ಮೊಣಕಾಲೆತ್ತರ ದಾಟಿದ ಮೇಲೆ ಕುಡಿ ಚಿವುಟಿದರೆ ಪಕ್ಕದಿಂದ ಹೊಸ ಟೊಂಗೆ ಒಡೆದು ಕಾಯಿ ಹೆಚ್ಚುತ್ತದೆ. ಹೂವಾಡುವ ಹೊತ್ತಿಗೆ ಕಾಯಿಕೊರಕ ಹುಳು ಬೀಳುತ್ತದೆ. ಔಷಧಿಗೆ ಅದು ಜಗ್ಗದ ವರ್ಷ ಇಲ್ಲಿಯ ರೈತರು ಸಾಲಿನ ನಡುವೆ ತಾಡಪತ್ರಿಯನ್ನೋ ಹಳೆಯ ಸೀರೆಯನ್ನೋ ಹಾಸಿ, ಒಂದೊಂದೇ ಗಿಡ ಹಿಡಿದು ಅಲುಗಾಡಿಸಿದ್ದುಂಟು. ಪಟಪಟನೆ ಉದುರಿದ ಹುಳುಗಳು ಕೋಳಿಗೆ ಮೇವು. ಅನುಭವವೇ ಕಲಿಸಿದ ವಿದ್ಯೆ ಇದು ಎಂದು ನನಗೆ ಅನಿಸುತ್ತದೆ.

ಕೂಲಿಗೆ ಹೋಗುವ ಹೆಣ್ಣುಮಕ್ಕಳ ದಿನ ನಸುಕಿನಲ್ಲೇ ಶುರು. ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜೊತೆಗೊಂದು ಉಳ್ಳಾಗಡ್ಡಿ. ಕೊಯ್ಲಿಗೆ ಕುಡಗೋಲೇ ಆಯುಧ. ಈಗ ರಾಶಿಗೆ ಮಷಿನ್ ಬಂದಿದೆ, ಆದರೆ ಒಣಗಿದ ತೊಗರಿ ಕಟ್ಟಿಗೆ ಅಂಗೈ ಗೀರುವುದು ತಪ್ಪಿಲ್ಲ. ಆ ಕಟ್ಟಿಗೆಯೂ ಹಾಳಾಗುವುದಿಲ್ಲ; ಒಲೆಗೆ, ಬೇಲಿಗೆ, ಬುಟ್ಟಿಗೆ ಆಗುತ್ತದೆ.

ಈ ಕೆಲಸಗಳ ನಡುವೆಯೇ ಎಳ್ಳಮಾಸಿ (ಎಳ್ಳ ಅಮಾವಾಸ್ಯೆ) ಬರುತ್ತದೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ನೈವೇದ್ಯದ ಅಡುಗೆಯನ್ನು ಬೆಳೆಗೆಲ್ಲ ಚರಗವಾಗಿ ಚೆಲ್ಲಿ ಉಣ್ಣಲು ಕೂರುತ್ತಾರೆ. ಸಜ್ಜಿ ರೊಟ್ಟಿ, ಹಸಿ ತೊಗರಿಕಾಳು ಹಾಕಿದ ಭಜ್ಜಿ. ಹೊಲ ಇಲ್ಲದವರನ್ನೂ ಕರೆದು ಉಣಿಸುವ ಹಬ್ಬವಿದು. ಪಿಕ್ನಿಕ್ ಅಂದರೆ ಇದೇ ನೋಡಿ!

2019ರಲ್ಲಿ, ಕಲಬುರಗಿಯ ಹಳೆಯ ಹೆಸರಿನಲ್ಲೇ, ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಹೆಸರು ಬಂದಷ್ಟು ಸುಲಭವಾಗಿ ದರ ಬರುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದಲೂ ಭಾರತಕ್ಕೆ ತೊಗರಿ ಬರುತ್ತದೆ. ದರ ಇಳಿದರೆ ಇಲ್ಲಿಯ ರೈತನಿಗೆ ಪೆಟ್ಟು. ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿಕೊಂಡು ಮುಂಬೈ, ಪುಣೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ.

ನಮ್ಮ ಕೂಟದಲ್ಲಿ ಆ ಕಡೆಯ ಮನೆತನದವರಿದ್ದಾರೆ. ಈ ಜನವರಿಯಲ್ಲಿ ಊರಿನ ಕಾಕಾನಿಗೋ ಆಯಿಗೋ ಫೋನ್ ಹಚ್ಚಿದಾಗ ಹವಾಮಾನ ಕೇಳಿ ಸುಮ್ಮನಾಗಬೇಡಿ. "ರಾಶಿ ಆಯ್ತೇನ್ರೀ? ಈ ಸಲ ದರ ಹ್ಯಾಂಗದ?" ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಮುಂದಿನ ಸಂಚಿಕೆಗೆ ಕಳಿಸಿ.