ಮಹೇಂದ್ರನಾಥ ಮುಲ್ಲಾ

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ (15 ಮೇ 1926 – 9 ಡಿಸೆಂಬರ್ 1971) ಭಾರತೀಯ ನೌಕಾಪಡೆಯ ಅಧಿಕಾರಿ. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಐಎನ್‌ಎಸ್ ಖುಕ್ರಿ ಯುದ್ಧನೌಕೆಯ ನಾಯಕರಾಗಿದ್ದ ಅವರು ಆ ನೌಕೆಯೊಂದಿಗೇ ಜಲಸಮಾಧಿಯಾದರು.

ಆರಂಭಿಕ ಜೀವನ

ಮುಲ್ಲಾ ಅವರು ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಕಾಶ್ಮೀರಿ ಪಂಡಿತ ಕುಟುಂಬದಲ್ಲಿ ಜನಿಸಿದರು. 1948ರ ಮೇ 1ರಂದು ನೌಕಾಪಡೆಯ ಅಧಿಕಾರಿಯಾಗಿ ನಿಯುಕ್ತರಾದರು.

1971ರ ಯುದ್ಧ

ಯುದ್ಧಕಾಲದಲ್ಲಿ ಅರಬ್ಬೀ ಸಮುದ್ರದಲ್ಲಿ ಸುಳಿದಾಡುತ್ತಿದ್ದ ಪಾಕಿಸ್ತಾನದ ಜಲಾಂತರ್ಗಾಮಿಯೊಂದನ್ನು ಹುಡುಕಿ ನಾಶಪಡಿಸುವ ಹೊಣೆಯನ್ನು ಮುಲ್ಲಾ ಅವರ ನೇತೃತ್ವದ ಖುಕ್ರಿ ಮತ್ತು ಕೃಪಾಣ್ ನೌಕೆಗಳಿಗೆ ವಹಿಸಲಾಯಿತು. ಡಿಸೆಂಬರ್ 9ರ ರಾತ್ರಿ ದೀವ್ ಕರಾವಳಿಯಾಚೆ ಹಂಗೋರ್ ಜಲಾಂತರ್ಗಾಮಿಯು ಹಾರಿಸಿದ ಟಾರ್ಪಿಡೊ ತಗುಲಿ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ನೌಕೆಯನ್ನು ತೊರೆಯುವಂತೆ ಆಜ್ಞಾಪಿಸಿದ ಮುಲ್ಲಾ, ತಮ್ಮ ಜೀವರಕ್ಷಕ ಕವಚವನ್ನು ನಾವಿಕನೊಬ್ಬನಿಗೆ ನೀಡಿ, ಸಿಬ್ಬಂದಿ ಪಾರಾಗಲು ನೆರವಾದರು. ತಾವು ಮಾತ್ರ ನೌಕೆಯಲ್ಲಿಯೇ ಉಳಿದರು. ಈ ದುರಂತದಲ್ಲಿ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಸ್ವತಂತ್ರ ಭಾರತವು ಯುದ್ಧದಲ್ಲಿ ಕಳೆದುಕೊಂಡ ಏಕೈಕ ಯುದ್ಧನೌಕೆ ಖುಕ್ರಿ.

ಗೌರವಗಳು

ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು. 2000ದಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಬಿಡುಗಡೆಯಾಯಿತು. ದೀವ್‌ನಲ್ಲಿ ಕಡಲಿಗೆದುರಾಗಿ ನಿಂತಿರುವ ಸ್ಮಾರಕದಲ್ಲಿ ಖುಕ್ರಿಯ ಪ್ರತಿಕೃತಿಯನ್ನು ಗಾಜಿನ ಆವರಣದೊಳಗೆ ಇರಿಸಲಾಗಿದೆ.