ಸವಾಯಿ ಗಂಧರ್ವರು: ನಮ್ಮ ಕುಂದಗೋಳದ ರಾಮಭಾವು

ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕದ ನಡುವೆ ಹಾಡುಗಾರರ ಮಾತು ಯಾಕೆ ಬಂತು ಎಂದು ಸದಸ್ಯ ಬಾಂಧವರು ಕೇಳಬಹುದು. ಸವಾಯಿ ಎಂಬ ಲೆಕ್ಕ ನಮಗೇನು ಹೊಸದಲ್ಲ. ಸೊಸಾಯಿಟಿ ಇಲ್ಲದ ಕಾಲಕ್ಕೆ ಸಾವುಕಾರರಿಂದ ಒಂದು ಚೀಲ ಕಾಳು ತಂದರೆ ಸುಗ್ಗಿಗೆ ಒಂದೂಕಾಲು ಚೀಲ ಅಳೆದು ಕೊಡುವುದೇ ಸವಾಯಿ. ಆ ಶಬ್ದವನ್ನೇ ಬಿರುದಾಗಿ ಪಡೆದವರು ರಾಮಭಾವು.

1886ರ ಜನವರಿ 19ರಂದು ಹುಟ್ಟಿದ ರಾಮಚಂದ್ರ ಗಣೇಶ ಸೌಂಶಿ ಮುಂದೆ ರಾಮಭಾವು ಕುಂದಗೋಳಕರ ಎಂದು ಹೆಸರಾದರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಡುಗನಿಗೆ ಸಾಲಿಗಿಂತ ಹಾಡೇ ಹೆಚ್ಚು ರುಚಿಸಿತು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಶಿಷ್ಯನನ್ನಾಗಿ ತೆಗೆದುಕೊಂಡರು, ಆದರೆ ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಕರಾರು ಹಾಕಿ. ವಯಸ್ಸಿಗೆ ಬಂದಾಗ ದನಿ ಒಡೆಯಿತು. ಆ ಒರಟು ದನಿಯನ್ನು ಸಾಧನೆಯಿಂದಲೇ ಪಳಗಿಸಿಕೊಂಡರು. ಕರಾರು ಮುಗಿಯುವ ಮೊದಲೇ ಮರಾಠಿ ನಾಟಕ ಮಂಡಳಿ ಸೇರಿದ್ದು ಮಾತ್ರ ಗುರುಗಳಿಗೆ ಹಿಡಿಸಲಿಲ್ಲ.

ಆಗಿನ ಕಾಲಕ್ಕೆ ಗವಾಯಿಗೆ ಹೊಟ್ಟೆಪಾಡೆಂದರೆ ರಾಜಾಶ್ರಯ, ಇಲ್ಲವೇ ನಾಟಕದ ಟಿಕೀಟು. ರಾಮಭಾವು ಸ್ತ್ರೀ ಪಾತ್ರಗಳಲ್ಲಿ ಹಾಡಿ ಮೆರೆದರು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹೆಸರು ದೊಡ್ಡದು. ಇವರ ಹಾಡು ಕೇಳಿದ ಅಮರಾವತಿಯ ಧುರೀಣ ದಾದಾಸಾಹೇಬ ಖಾಪರ್ಡೆಯವರು ಇವರು ಅದಕ್ಕೂ ಕಾಲು ಪಟ್ಟು ಹೆಚ್ಚು ಎಂಬ ಅರ್ಥದಲ್ಲಿ ಸವಾಯಿ ಗಂಧರ್ವ ಎಂದು ಕರೆದರು. ಈ ಹೋಲಿಕೆ ಸರಿಯೋ ತಪ್ಪೋ, ನಾವು ತೂಗಲಾರೆವು. ಬಿರುದು ಮಾತ್ರ ಅವರ ಸ್ವಂತ ಹೆಸರನ್ನೇ ಮರೆಸಿತು.

ನಮ್ಮ ಪಾಲಿಗೆ ಹೆಚ್ಚಿನದು ಮುಂದಿನದು. ನಾಟಕ ಬಿಟ್ಟು ಕುಂದಗೋಳದಲ್ಲಿ ಕಲಿಸಲು ಕೂತರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಒಂದೇ ಪಲುಕು ಮತ್ತೆ ಮತ್ತೆ, ಅದು ಕುದುರುವ ತನಕ ಮುಂದಿನದಿಲ್ಲ. ಗದಗಿನಿಂದ ಮನೆ ಬಿಟ್ಟು ಓಡಿ ಊರೂರು ಅಲೆದಿದ್ದ ಹುಡುಗ ಭೀಮಸೇನ ಜೋಶಿ 1936ರಲ್ಲಿ ಬಂದು ಸೇರಿದ. ಗುರುಮನೆಗೆ ಕೊಡಗಟ್ಟಲೆ ನೀರು ಹೊತ್ತ ಮೇಲೆಯೇ ಅವನಿಗೆ ಪಾಠ ದಕ್ಕಿದ್ದು. ಮುಂಬಯಿಯ ಫಿರೋಜ ದಸ್ತೂರರೂ ಇವರ ಶಿಷ್ಯರೇ. ಕರಾರು ಮುರಿದು ನಾಟಕಕ್ಕೆ ಹೋಗಿದ್ದವರೇ ಶಿಷ್ಯರ ಮೇಲೆ ಇಷ್ಟು ಬಿಗಿ ಹಿಡಿದರು ನೋಡಿ!

ಮುಂದೆ ಪಾರ್ಶ್ವವಾಯು ಬಡಿದು ಕಚೇರಿ ನಿಂತವು. 1946ರಲ್ಲಿ ಪುಣೆಯಲ್ಲಿ ನಡೆದ ಅವರ ಷಷ್ಟ್ಯಬ್ದಿಗೆ ಭೀಮಸೇನರು ಹಾಡಿದರು. 1952ರ ಸೆಪ್ಟೆಂಬರ್ 12ರಂದು ರಾಮಭಾವು ತೀರಿಕೊಂಡರು. ಸರಕಾರದ ಭಾರತರತ್ನ, ಪದ್ಮ ಪ್ರಶಸ್ತಿಗಳು ಶುರುವಾಗಿದ್ದೇ 1954ರಲ್ಲಿ, ಹೀಗಾಗಿ ಅವರ ಪಾಲಿಗೆ ಅವು ಬರುವಂತೆಯೇ ಇರಲಿಲ್ಲ. ಶಿಷ್ಯರಲ್ಲಿ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಬಂತು.

ಗುರುವಿನ ಹೆಸರಿನಲ್ಲಿ ಭೀಮಸೇನರು ಪುಣೆಯಲ್ಲಿ 1953ರಿಂದ ಸಂಗೀತ ಮಹೋತ್ಸವ ನಡೆಸಿದರು. ಕಲಾವಿದರನ್ನು ಕರೆಸುವ ಓಡಾಟವನ್ನೂ ತಾವೇ ಹೊತ್ತು ಅದನ್ನು ದೇಶಕ್ಕೇ ಹೆಸರಾದ ಉತ್ಸವ ಮಾಡಿದರು. ಹುಬ್ಬಳ್ಳಿಯಲ್ಲಿ ಗುರುಗಳ ಹೆಸರಿನ ಸಭಾಭವನ ಎದ್ದಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತದ ರೂಢಿ ಬೆಳೆಯಿತು. ಒಂದು ಕಾಲಕ್ಕೆ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ, ನೀರು ಹೊತ್ತ ಭೀಮಸೇನ, ಇಬ್ಬರೂ ಆ ವಾಡೆಯಲ್ಲಿ ಕೂತು ಗುರುವಿಗಾಗಿ ಹಾಡಿದ್ದಾರೆ.